ಹಾರ್ಟ್ಜ್ ಕಾಯ್ದೆ: ನಿರುದ್ಯೋಗ ಇಳಿಯಿತು, ಸಂಬಳದ ಅಂತರ?

2002ರ ಆರಂಭದಲ್ಲಿ ಜರ್ಮನಿಯ ಸರ್ಕಾರಿ ಉದ್ಯೋಗ ಕಚೇರಿಗಳ ಬಂಡವಾಳ ಬಯಲಾಯಿತು. ಇಷ್ಟು ಜನರಿಗೆ ಕೆಲಸ ಕೊಡಿಸಿದ್ದೇವೆ ಎಂದು ತೋರಿಸಿದ್ದ ಲೆಕ್ಕದಲ್ಲಿ ದೊಡ್ಡ ಪಾಲು ಬರೀ ಕಾಗದದ ಮೇಲಿತ್ತು. ಚುನಾವಣೆ ಎದುರಿಗಿತ್ತು. ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್, ಫೋಕ್ಸ್‌ವ್ಯಾಗನ್‌ನಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುತ್ತಿದ್ದ ಪೀಟರ್ ಹಾರ್ಟ್ಜ್ ಅವರ ಸಮಿತಿ ನೇಮಿಸಿದರು.

ಸಮಿತಿಯ ಸಲಹೆಗಳಿಂದ ನಾಲ್ಕು ಕಾಯ್ದೆಗಳು ಹುಟ್ಟಿದವು. ಜನರನ್ನು ಬೀದಿಗಿಳಿಸಿದ್ದು ನಾಲ್ಕನೆಯದು, ಹಾರ್ಟ್ಜ್-4. ಅದಕ್ಕೂ ಮೊದಲು ನಿರುದ್ಯೋಗ ವಿಮೆಯ ಅವಧಿ ಮುಗಿದವರಿಗೂ ಹಳೆಯ ಸಂಬಳಕ್ಕೆ ತಕ್ಕಂತೆ ಒಂದಿಷ್ಟು ನೆರವು ಸಿಗುತ್ತಿತ್ತು. 2005ರ ಜನವರಿ 1ರಿಂದ ಅದು ನಿಂತಿತು. ಇಪ್ಪತ್ತು ವರ್ಷ ದುಡಿದ ವೆಲ್ಡರ್‌ಗೂ ಎಂದೂ ದುಡಿಯದವನಿಗೂ ಬಾಡಿಗೆ ಬಿಟ್ಟು ತಿಂಗಳಿಗೆ ಪಶ್ಚಿಮದಲ್ಲಿ 345 ಯೂರೋ, ಪೂರ್ವದಲ್ಲಿ 331. ಅರ್ಜಿಯಲ್ಲಿ ಮಕ್ಕಳ ಉಳಿತಾಯ ಖಾತೆಯ ವಿವರವನ್ನೂ ಬರೆಯಬೇಕಿತ್ತು. ಲೈಪ್‌ಜಿಗ್, ಮಾಗ್ಡೆಬರ್ಗ್‌ಗಳಲ್ಲಿ ಇದರ ವಿರುದ್ಧ 2004ರಲ್ಲೇ ಸೋಮವಾರದ ಮೆರವಣಿಗೆಗಳು ಶುರುವಾಗಿದ್ದವು. ಮರುವರ್ಷ ಶ್ರೋಡರ್ ಅಧಿಕಾರ ಕಳೆದುಕೊಂಡರು.

ಸದ್ದಿಲ್ಲದೆ ಬಂದದ್ದು 'ಮಿನಿ-ಜಾಬ್'. 2003ರ ಏಪ್ರಿಲ್‌ನಿಂದ ತಿಂಗಳಿಗೆ 400 ಯೂರೋವರೆಗಿನ ಗಳಿಕೆಯಲ್ಲಿ ಕೆಲಸಗಾರರ ಕೈಯಿಂದ ಏನೂ ಕಡಿತವಿರಲಿಲ್ಲ. ಅಂಗಡಿಯ ಗಲ್ಲಾ, ಹೋಟೆಲಿನ ಅಡುಗೆಮನೆ, ಕಚೇರಿ ಗುಡಿಸುವ ಕೆಲಸ ಇದಕ್ಕೆ ಹೇಳಿ ಮಾಡಿಸಿದಂತಿದ್ದವು. ಗಂಡನ ಆರೋಗ್ಯ ವಿಮೆಯಲ್ಲಿದ್ದ ಹೆಂಡತಿಗೆ ಇನ್ನೆರಡು ಗಂಟೆ ಹೆಚ್ಚು ದುಡಿದು ಆ ಮಿತಿ ದಾಟಿದರೆ, ತನ್ನದೇ ವಿಮೆಗೆ ಕಟ್ಟಬೇಕಾಗಿ, ನಷ್ಟವೇ. ಹಾಗಾಗಿ ಆ ಗೆರೆಯ ಒಳಗೇ ಉಳಿದವರು ಬಹಳ. ಇದನ್ನು ಉದ್ಯೋಗಸೃಷ್ಟಿ ಎಂದು ಬೆನ್ನು ತಟ್ಟಿಕೊಳ್ಳುವುದು ಅತಿಯಾಯಿತು.

ನಿರುದ್ಯೋಗ ಇಳಿದದ್ದಂತೂ ನಿಜ: 2005ರಲ್ಲಿ 11.7%, 2019ರಲ್ಲಿ 5%. ಆದರೆ ಇದು ಹಾರ್ಟ್ಜ್ ಒಬ್ಬರ ಪವಾಡವಲ್ಲ. ಸಂಬಳದ ಮಾತುಕತೆ ಇಡೀ ಉದ್ಯಮದ ಮಟ್ಟದಿಂದ ಒಂದೊಂದೇ ಕಾರ್ಖಾನೆಯ ಮಟ್ಟಕ್ಕೆ ಇಳಿದದ್ದು 1990ರ ದಶಕದ ನಡುವಿನಿಂದ. ಕೆಳಹಂತದವರ ಸಂಬಳ ಹಿಂದೆ ಬೀಳತೊಡಗಿದ್ದೂ ಆಗಲೇ ಎಂದು ಕ್ರಿಶ್ಚಿಯನ್ ಡಸ್ಟ್‌ಮನ್ ಮತ್ತಿತರ ಅರ್ಥಶಾಸ್ತ್ರಜ್ಞರು 2014ರಲ್ಲಿ ವಾದಿಸಿದರು. ನನಗೂ ಅದೇ ಸರಿ ಕಾಣುತ್ತದೆ. ಹಾರ್ಟ್ಜ್-4 ಮಾಡಿದ್ದು ಕೆಲಸದಲ್ಲಿದ್ದವರಿಗೂ ಭಯ ಹುಟ್ಟಿಸಿದ್ದು: ಈ ಕೆಲಸ ಹೋದರೆ ವರ್ಷದೊಳಗೆ 345 ಯೂರೋಗೆ ಬರುತ್ತೇನೆ ಎನ್ನುವವರು ಸಂಬಳಕ್ಕಾಗಿ ಪಟ್ಟು ಹಿಡಿಯುವುದು ಕಷ್ಟ.

ತಿದ್ದುಪಡಿ ತಡವಾಗಿ ಬಂತು. ದೇಶಕ್ಕೆಲ್ಲ ಅನ್ವಯಿಸುವ ಕನಿಷ್ಠ ವೇತನ, ಗಂಟೆಗೆ 8.50 ಯೂರೋ, ಬಂದದ್ದು 2015ರಲ್ಲಿ. ನಿಯಮ ತಪ್ಪಿದವರ ನೆರವನ್ನು 30%ಗಿಂತ ಹೆಚ್ಚು ಕಡಿತಗೊಳಿಸುವುದಕ್ಕೆ ಸಾಂವಿಧಾನಿಕ ನ್ಯಾಯಾಲಯ 2019ರಲ್ಲಿ ತಡೆ ಹಾಕಿತು. 2023ರಲ್ಲಿ ಹಾರ್ಟ್ಜ್-4ರ ಹೆಸರೂ ಹೋಯಿತು. ಮಿನಿ-ಜಾಬ್ ಮಾತ್ರ ಗಟ್ಟಿಯಾಗಿ ಕೂತಿದೆ: 2022ರ ಅಕ್ಟೋಬರ್‌ನಿಂದ ಅದರ ಮಿತಿ ಕನಿಷ್ಠ ವೇತನಕ್ಕೆ ತಳಕು ಹಾಕಿಕೊಂಡಿದೆ. ವೇತನ ಏರಿದಂತೆ ಮಿತಿಯೂ ಏರುತ್ತದೆ, ವಾರಕ್ಕೆ ಹತ್ತು ಗಂಟೆಯ ಲೆಕ್ಕ ಮಾತ್ರ ಹಾಗೇ.