ಚಿಪ್‌ನಲ್ಲಿದ್ದರೂ ಕೈಗೆ ಸಿಗದ ಡಿಕೋಡರ್: ಲಿನಕ್ಸ್ ವಿಡಿಯೋದ ಉದ್ದನೆಯ ಕತೆ

ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್‌ನಲ್ಲಿ ವಿಡಿಯೋ ಓಡಿಸಿದರೆ ಫ್ಯಾನ್ ಜೋರಾಗಿ ತಿರುಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಅದೇ ಯಂತ್ರದಲ್ಲಿ ವಿಂಡೋಸ್ ಇದ್ದರೆ ಸದ್ದೇ ಇರುವುದಿಲ್ಲ. ತುಂಬಾ ಹಳೆಯ ದೂರು ಇದು. ಈಗ ಎಷ್ಟೋ ಸರಿಹೋಗಿದೆ. ಆದರೂ ಯಾವ ಗ್ರಾಫಿಕ್ಸ್ ಕಾರ್ಡು, ಯಾವ ಡಿಸ್ಟ್ರೋ (ಲಿನಕ್ಸ್‌ನ ಯಾವ ಬಗೆ), ಯಾವ ಬ್ರೌಸರ್ ಅಂತ ಕೇಳದೆ ಯಾರೂ ಖಚಿತವಾಗಿ ಉತ್ತರ ಹೇಳಲಾರರು. ಇಷ್ಟೊಂದು ಗೋಜಲು ಹೇಗಾಯಿತು?

4ಕೆ ವಿಡಿಯೋದ ಒಂದು ಫ್ರೇಮ್‌ನಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್ ಇರುತ್ತವೆ. ಕುಗ್ಗಿಸಿಟ್ಟ ಫೈಲಿನಿಂದ ಅವನ್ನೆಲ್ಲ ಸೆಕೆಂಡಿಗೆ 30 ಸಲ, 60 ಸಲ ಹೊರತೆಗೆಯಬೇಕು. ಸಿಪಿಯು ಇದನ್ನು ಮಾಡಬಲ್ಲದು, ಆದರೆ ವಿದ್ಯುತ್ ಜಾಸ್ತಿ ತಿನ್ನುತ್ತದೆ. ಅದಕ್ಕೇ ಗ್ರಾಫಿಕ್ಸ್ ಚಿಪ್‌ಗಳಲ್ಲಿ ಇದೊಂದೇ ಕೆಲಸಕ್ಕೆ ಡಿಕೋಡರ್ ಎಂಬ ಪ್ರತ್ಯೇಕ ಭಾಗ ಇರುತ್ತದೆ. ಆ ಭಾಗದ ಜೊತೆ ಮಾತಾಡುವುದು ಹೇಗೆ ಅಂತ ಡ್ರೈವರ್‌ಗೆ, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶಕ್ಕೆ, ಗೊತ್ತಿರಬೇಕು, ಅಷ್ಟೇ. ಗೊತ್ತಾಗಲಿಕ್ಕೇ ವರ್ಷಗಳು ಹಿಡಿದವು.

ಪ್ಲೇಯರ್ ತನ್ನ ಕೆಲಸವನ್ನು ಡ್ರೈವರ್ ಮೂಲಕ ಡಿಕೋಡರ್‌ಗೆ ಒಪ್ಪಿಸಲು ಮೊದಲು ಎಕ್ಸ್‌ವಿಎಂಸಿ ಅಂತ ಒಂದು ದಾರಿ ಇತ್ತು. ಅದು ಡಿವಿಡಿ ಕಾಲದ ಎಂಪೆಗ್-2 ಎಂಬ ಕೋಡೆಕ್‌ಗೆ (ವಿಡಿಯೋ ಕುಗ್ಗಿಸುವ ಪದ್ಧತಿಗೆ) ಸಾಕಾಗುತ್ತಿತ್ತು. ಆಮೇಲಿನ ಎಚ್.264 ಕೋಡೆಕ್ ಬಂದ ಮೇಲೆ ಸಾಲಲಿಲ್ಲ. ಆಗ ಇಂಟೆಲ್ ವಿಎ-ಎಪಿಐ ತಂದಿತು. ಎನ್‌ವಿಡಿಯಾ 2008ರಲ್ಲಿ ವಿಡಿಪಿಎಯು ತಂದಿತು. ಎಎಂಡಿ ತನ್ನ ಮುಚ್ಚಿದ, ಅಂದರೆ ಕೋಡ್ ಯಾರಿಗೂ ತೋರಿಸದ, ಡ್ರೈವರ್‌ಗೆ ಎಕ್ಸ್‌ವಿಬಿಎ ಇಟ್ಟುಕೊಂಡಿತು. ಹೀಗೆ ಒಂದೇ ಕೆಲಸಕ್ಕೆ ಮೂರು ದಾರಿಗಳಾದವು. ಪ್ಲೇಯರ್ ಬರೆಯುವವರು ಮೂರನ್ನೂ ಕಲಿಯಬೇಕಾಯಿತು.

ಇದರಲ್ಲಿ ಗಮನಿಸಿ ನೋಡಬೇಕಾದದ್ದು ಎಎಂಡಿಯ ಕತೆ. 2007ರಲ್ಲಿ ಅದರ ರೇಡಿಯಾನ್ ಎಚ್‌ಡಿ 2000 ಸರಣಿಯ ಕಾರ್ಡುಗಳ ಜೊತೆ ಯುವಿಡಿ ಎಂಬ ಡಿಕೋಡರ್ ಬಂತು. ಅದೇ ವರ್ಷ ಕಂಪನಿ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಡ್ರೈವರ್‌ಗೆ ಬೆಂಬಲ ಘೋಷಿಸಿ, ಚಿಪ್‌ಗಳ ದಾಖಲೆಗಳನ್ನು ಬಿಡುಗಡೆ ಮಾಡಲು ಶುರುಮಾಡಿತು. ಅದು ನಿಜಕ್ಕೂ ದೊಡ್ಡ ಹೆಜ್ಜೆ. 3ಡಿ ಭಾಗದ ವಿವರ ಬಂತು, ಡಿಸ್‌ಪ್ಲೇ ಭಾಗದ ವಿವರವೂ ಬಂತು. ಯುವಿಡಿ ಬಗ್ಗೆ ಮಾತ್ರ ಬರಲಿಲ್ಲ. ಬ್ಲೂ-ರೇ ಡಿಸ್ಕ್‌ಗಳ ಕಾಪಿ ರಕ್ಷಣೆ ಕೂಡ ಅದೇ ಭಾಗಕ್ಕೆ ತಗುಲಿಕೊಂಡಿತ್ತು. ಒಂದನ್ನು ತೆರೆದರೆ ಇನ್ನೊಂದರ ಗುಟ್ಟು ಹೊರಬೀಳಬಹುದು ಎಂಬ ಹೆದರಿಕೆ ಇತ್ತು. ಅದು ಸುಳ್ಳು ನೆಪವಾಗಿರಲಿಲ್ಲ. ಆದರೆ ಕಾರ್ಡಿಗೆ ದುಡ್ಡು ಕೊಟ್ಟವರು ಆ ಡಿಕೋಡರ್‌ಗೂ ಕೊಟ್ಟಿದ್ದರು, ಅಲ್ವಾ?

ಡೆವಲಪರ್‌ಗಳು ಸುಮ್ಮನೆ ಕೂರಲಿಲ್ಲ. ಡಿಕೋಡರ್ ಸಿಗದಿದ್ದರೆ ಬೇಡ, 3ಡಿ ಚಿತ್ರದ ಲೆಕ್ಕ ಮಾಡಲು ಕಾರ್ಡಿನಲ್ಲಿರುವ ಶೇಡರ್‌ಗಳಲ್ಲೇ ವಿಡಿಯೋ ಬಿಡಿಸೋಣ ಅಂತ ಹೊರಟರು. ಲಿನಕ್ಸ್‌ನ ಓಪನ್ ಸೋರ್ಸ್ ಗ್ರಾಫಿಕ್ಸ್ ಡ್ರೈವರ್‌ಗಳ ಸಂಗ್ರಹವಾದ ಮೆಸಾದಲ್ಲಿ, ಅದರ ಗ್ಯಾಲಿಯಂ3ಡಿ ಎಂಬ ಭಾಗದೊಳಗೆ, ಎಂಪೆಗ್-2 ಹಾಗೆಯೇ ಓಡಿತು. ಎಚ್.264 ಹತ್ತಿರ ದಾರಿ ಮುಚ್ಚಿತು. ಶೇಡರ್‌ಗಳ ಶಕ್ತಿ ಇರುವುದು ಸಾವಿರ ಲೆಕ್ಕಗಳನ್ನು ಒಟ್ಟಿಗೆ ಮಾಡುವುದರಲ್ಲಿ. ಎಚ್.264ರ ಮೊದಲ ಹಂತದಲ್ಲಿ ಮುಂದಿನ ಬಿಟ್‌ನ ಅರ್ಥ ಹಿಂದಿನ ಬಿಟ್ ಮೇಲೆ ನಿಂತಿರುತ್ತದೆ. ಹೆಣೆದ ಸ್ವೆಟರ್ ಬಿಚ್ಚುವ ಹಾಗೆ ಅದು. ಹತ್ತು ಜನ ಕೂತರೂ ಎಳೆಯಬೇಕಾದದ್ದು ಒಂದೇ ದಾರ. ಅದಕ್ಕೆಂದೇ ಮಾಡಿದ ಸರ್ಕ್ಯೂಟ್ ಬೇಕು, ಅದು ಅದೇ ಕಾರ್ಡಿನಲ್ಲಿ ಖಾಲಿ ಕೂತಿತ್ತು.

ಕೊನೆಗೆ 2013ರ ಏಪ್ರಿಲ್‌ನಲ್ಲಿ ಎಎಂಡಿಯ ಕ್ರಿಶ್ಚಿಯನ್ ಕೋನಿಗ್ ಯುವಿಡಿ ಕೋಡ್ ಹೊರಗೆ ಬಿಟ್ಟರು. ಶೇಡರ್ ಪ್ರಯತ್ನಕ್ಕೆ ದುಡಿದವರಲ್ಲಿ ಅವರೂ ಒಬ್ಬರು. ಲಿನಕ್ಸ್‌ನ ತಿರುಳಾದ ಕರ್ನಲ್‌ನ 3.10 ಮತ್ತು ಮೆಸಾದ 9.2 ಆವೃತ್ತಿಗಳಲ್ಲಿ ಅದು ಜನರ ಕೈಗೆ ಸಿಕ್ಕಿತು. ಕಾನೂನಿನ ಪರಿಶೀಲನೆ ಮುಗಿಯುವುದಕ್ಕೆ ಅಷ್ಟು ವರ್ಷ ಬೇಕಾಗಿತ್ತು. ಕೋಡ್ ಬಂದದ್ದು ವಿಡಿಪಿಎಯು ಮೂಲಕ, ಅಂದರೆ ಪ್ರತಿಸ್ಪರ್ಧಿ ಹಾಕಿಕೊಟ್ಟ ದಾರಿಯಲ್ಲಿ. ಮೊದಲ ಕಂತಿನಲ್ಲಿ 2007ರ ಆ ಹಳೆಯ ಕಾರ್ಡುಗಳಿಗೆ ಜಾಗವಿರಲಿಲ್ಲ. ಡಿಕೋಡರ್ ಒಳಗೆ ಓಡುವ ಪುಟ್ಟ ತಂತ್ರಾಂಶ, ಅಂದರೆ ಫರ್ಮ್‌ವೇರ್, ಮೂಲ ಕೋಡ್ ಕಾಣದ ಮುಚ್ಚಿದ ಬೈನರಿಯಾಗಿಯೇ ಉಳಿಯಿತು.

ಎನ್‌ವಿಡಿಯಾ ಕಾರ್ಡುಗಳಿಗಾಗಿ ಓಪನ್ ಸೋರ್ಸ್ ಡ್ರೈವರ್ ಬರೆಯುವ ನೂವೋ ತಂಡ ಇನ್ನೂ ಕಷ್ಟದ ದಾರಿ ಹಿಡಿಯಿತು. ಮುಚ್ಚಿದ ಡ್ರೈವರ್ ಹಾರ್ಡ್‌ವೇರ್‌ಗೆ ಏನೇನು ಬರೆಯುತ್ತದೆ ಅಂತ ಗಮನಿಸಿ, ಅದರಿಂದ ಕೆಲಸದ ಕ್ರಮ ಕಂಡುಕೊಂಡರು. ಫರ್ಮ್‌ವೇರ್ ಹಂಚುವ ಹಕ್ಕು ಅವರಿಗಿರಲಿಲ್ಲ. ಬಳಸುವವರೇ ಅದನ್ನು ಮುಚ್ಚಿದ ಡ್ರೈವರ್‌ನ ಪ್ಯಾಕೇಜಿನಿಂದ ಕಿತ್ತುಕೊಳ್ಳಬೇಕಿತ್ತು.

ಡ್ರೈವರ್ ಸಿದ್ಧವಾದ ಮೇಲೂ ಬ್ರೌಸರ್‌ಗಳು ಹಿಂದೆಯೇ ಇದ್ದವು. ಫೈರ್‌ಫಾಕ್ಸ್‌ನಲ್ಲಿ 2020ರಲ್ಲಿ ಮೊದಲು ವೇಲ್ಯಾಂಡ್‌ಗೆ (ಲಿನಕ್ಸ್‌ನಲ್ಲಿ ಕಿಟಕಿಗಳನ್ನು ತೆರೆಗೆ ತರುವ ಹೊಸ ವ್ಯವಸ್ಥೆಗೆ) ವಿಎ-ಎಪಿಐ ಬಂತು. ಡಿಕೋಡ್ ಆದ ಫ್ರೇಮನ್ನು ನಕಲು ಮಾಡದೆ ಹಾಗೆಯೇ ತೆರೆಗೆ ಕಳಿಸುವ ವ್ಯವಸ್ಥೆ ಅಲ್ಲಿ ಸಲೀಸಾಗಿತ್ತು. ಇಂಟೆಲ್ ಗ್ರಾಫಿಕ್ಸ್ ಇರುವವರಿಗೆ ಅದು ತಾನಾಗಿಯೇ ಆನ್ ಆದದ್ದು 2023ರಲ್ಲಿ, 115ನೇ ಆವೃತ್ತಿಯಲ್ಲಿ.

ಎಲ್ಲ ಒಂದು ಹದಕ್ಕೆ ಬರುತ್ತಿದೆ ಅನ್ನುವಾಗಲೇ 2022ರಲ್ಲಿ ಗಾಲಿ ಹಿಂದಕ್ಕೆ ಉರುಳಿತು. ಆ ವರ್ಷ ಮೆಸಾದಲ್ಲಿ ಯಾವ ಕೋಡೆಕ್ ಬೇಕು ಅಂತ ಆರಿಸುವ ಆಯ್ಕೆ ಬಂದಿತ್ತು. ಫೆಡೋರಾ ಎಂಬ ಡಿಸ್ಟ್ರೋ ತನ್ನ 37ನೇ ಆವೃತ್ತಿಯ ಹೊತ್ತಿಗೆ ಎಚ್.264, ಎಚ್.265, ವಿಸಿ-1 ಎಂಬ ಮೂರು ಕೋಡೆಕ್‌ಗಳನ್ನೂ ತನ್ನ ಮೆಸಾದಿಂದ ತೆಗೆಯಿತು. ಕಾರಣ ಪೇಟೆಂಟ್. ಚಿಪ್ ಕೊಂಡರೆ ಪರವಾನಗಿಯೂ ಜೊತೆಗೇ ಬಂತು ಅಂತ ಬರೆದುಕೊಡುವವರು ಯಾರೂ ಇಲ್ಲ. ಡಿಸ್ಟ್ರೋ ಹಿಂದೆ ಕಂಪನಿ ಇದ್ದರೆ ಅದರ ವಕೀಲರು ಹುಷಾರಾಗಿರುವುದು ಸಹಜ. ನಷ್ಟ ಮಾತ್ರ ರೇಡಿಯಾನ್ ಇಟ್ಟುಕೊಂಡ ಸಾಮಾನ್ಯ ಬಳಕೆದಾರರದ್ದು. ನಿನ್ನೆ ಓಡುತ್ತಿದ್ದದ್ದು ಅಪ್‌ಡೇಟ್ ಆದ ಮೇಲೆ ನಿಂತಿತು. ಫೆಡೋರಾದ ಹೊರಗಿನವರು ನಡೆಸುವ ಆರ್‌ಪಿಎಂ ಫ್ಯೂಷನ್ ಭಂಡಾರದಿಂದ ಬೇರೆ ಪ್ಯಾಕೇಜ್ ಹಾಕಿಕೊಂಡರೆ ಮತ್ತೆ ಓಡುತ್ತದೆ. ಆದರೆ ಅದು ಗೊತ್ತಿರಬೇಕಲ್ಲ!

ಅದೇ ವರ್ಷದ ಡಿಸೆಂಬರ್‌ನಲ್ಲಿ, ಗ್ರಾಫಿಕ್ಸ್ ಮಾನದಂಡಗಳನ್ನು ರೂಪಿಸುವ ಕ್ರೋನಾಸ್ ಸಂಸ್ಥೆ ವಲ್ಕನ್ ವಿಡಿಯೋ ಎಂಬ ಮಾನದಂಡದ ಡಿಕೋಡ್ ಭಾಗವನ್ನು ಅಂತಿಮಗೊಳಿಸಿತು. ಮೂರೂ ಕಂಪನಿಗಳ ಚಿಪ್‌ಗೆ ಒಂದೇ ದಾರಿ ಆಗುವ ಅವಕಾಶ ಅದರಲ್ಲಿದೆ. ಪೇಟೆಂಟ್ ಪ್ರಶ್ನೆಗೆ ಅದು ಉತ್ತರವಲ್ಲ. ಆ ಕಡೆಯಿಂದ ಭರವಸೆ ಇರುವುದು ರಾಯಧನ ಕೇಳದ ಕೋಡೆಕ್ ಬೇಕೆಂದೇ ರೂಪಿಸಿದ ಎವಿ1ನಲ್ಲಿ. ಜೊತೆಗೆ, 2003ರ ಎಚ್.264ಗೆ ಸೇರಿದ ಪೇಟೆಂಟ್‌ಗಳ ಅವಧಿಯೂ ಒಂದೊಂದಾಗಿ ಮುಗಿಯುತ್ತಿದೆ.

ನಿಮ್ಮ ಯಂತ್ರದ ಸ್ಥಿತಿ ತಿಳಿಯಬೇಕಾದರೆ ಟರ್ಮಿನಲ್‌ನಲ್ಲಿ ವಿಎಇನ್ಫೋ (vainfo) ಎಂಬ ಆಜ್ಞೆ ಓಡಿಸಿ. ಕೋಡೆಕ್ ಹೆಸರಿನ ಮುಂದೆ ವಿಎಲ್‌ಡಿ (VLD) ಅಂತ ಬಂದರೆ ಡ್ರೈವರ್ ಮಟ್ಟದಲ್ಲಿ ಡಿಕೋಡಿಂಗ್ ಸಿದ್ಧವಿದೆ. ಆಮೇಲೂ ಫ್ಯಾನ್ ಕೂಗುತ್ತಿದ್ದರೆ ಹುಡುಕಬೇಕಾದದ್ದು ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲಿ.