ಸರ್ವೆ ಮರದ ಬೇರುಗಂಟು: ತಪ್ಪು ಹೆಸರುಗಳ ನೂರೈವತ್ತು ವರ್ಷ

ಕಾರವಾರದ ಕಡಲತಡಿಯ ಗಾಳಿಮರಗಳನ್ನು ನೋಡದವರು ಕಡಿಮೆ. ಬಯಲುಸೀಮೆಯಲ್ಲಿ ಅದೇ ಸರ್ವೆ ಮರ, ಸೆಂಟ್ರಿಂಗ್‌ಗೆ ನಿಲ್ಲಿಸುವ ಕಂಬ. 1868ರಲ್ಲಿ ಕಾರವಾರ ಭಾಗದಲ್ಲಿ ಇದರ ನೆಡುತೋಪು ಶುರುವಾಯಿತೆಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಉಪ್ಪುಗಾಳಿ, ಬರೀ ಮರಳು, ಯೂರಿಯಾ ಹಾಕುವವರಿಲ್ಲ. ಆದರೂ ಮರ ಸರಸರನೆ ಎತ್ತರಕ್ಕೆ ಏರುತ್ತದೆ.

ಬುಡದ ಮರಳು ಕೆದಕಿದರೆ ಗುಟ್ಟು ಸಿಗುತ್ತದೆ. ಬೇರಿಗೆ ಹತ್ತಿಕೊಂಡ, ಹವಳದಂತೆ ಕವಲೊಡೆದ, ಕಂದು ಬಣ್ಣದ ಗಂಟು. ಶೇಂಗಾ ಬೇರಿನ ಕಾಳಿನಂಥ ಗಂಟು ಬೆಳೆಯೊಂದಿಗೇ ಮುಗಿಯುತ್ತದೆ. ಇದು ವರ್ಷದಿಂದ ವರ್ಷಕ್ಕೆ ಬಲಿತು ಕಟ್ಟಿಗೆಯಷ್ಟು ಗಟ್ಟಿಯಾಗುತ್ತದೆ. ಇನ್ನೊಂದು ವಿಚಿತ್ರ: ಗಂಟಿನ ತುದಿಗಳಿಂದ ಹೊರಟ ಸಣ್ಣ ಬೇರುಗಳು ಕೆಳಗಿಳಿಯುವ ಬದಲು ಮೇಲಕ್ಕೆ ಮುಖ ಮಾಡಿರುತ್ತವೆ.

ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡಿಕೊಡುವುದು ದ್ವಿದಳ ಧಾನ್ಯದ ಕೆಲಸ ಎಂದು ಶಾಲೆಯಲ್ಲಿ ಓದಿದ್ದೇವೆ. ಸರ್ವೆ ದ್ವಿದಳ ಧಾನ್ಯದ ಕುಟುಂಬದ್ದಲ್ಲ. ಹಾಗಾದರೆ ಈ ಗಂಟು ಯಾರದು? ಉತ್ತರ ಸಿಗಲು ಸುಮಾರು ನೂರೈವತ್ತು ವರ್ಷ ಹಿಡಿಯಿತು, ದಾರಿಯುದ್ದಕ್ಕೂ ಹೆಸರು ತಪ್ಪುತ್ತಲೇ ಹೋಯಿತು.

ಕಥೆ ಶುರುವಾಗುವುದು ಯುರೋಪಿನ ಆಲ್ಡರ್ ಮರದಿಂದ. 1829ರಲ್ಲಿ ಜರ್ಮನಿಯ ಮೇಯೆನ್ ಅದರ ಬೇರುಗಂಟನ್ನು ಪರಾವಲಂಬಿ ಗಿಡವೆಂದು ಭಾವಿಸಿದ. 1866ರಲ್ಲಿ ರಷ್ಯಾದ ವೊರೊನಿನ್ ದ್ವಿದಳ ಕುಟುಂಬದ ಲೂಪಿನ್ ಗಿಡದ ಗಂಟನ್ನೂ ಆಲ್ಡರ್ ಗಂಟನ್ನೂ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ಮೊದಲನೆಯದರಲ್ಲಿ ಬ್ಯಾಕ್ಟೀರಿಯಾದಂಥ ಕಣಗಳು ಕಂಡವು, ಎರಡನೆಯದರಲ್ಲಿ ದಾರದಂಥ ಎಳೆಗಳು. ಎಳೆ ಎಂದಮೇಲೆ ಶಿಲೀಂಧ್ರವೇ ಎಂದು ಬರೆದ. 1886ರಲ್ಲಿ ಬ್ರುಂಕೋರ್ಸ್ಟ್ ಆ ಎಳೆಗಳನ್ನು ತನ್ನ ಗುರು ಫ್ರಾಂಕ್ ಅವರ ಹೆಸರಿನಲ್ಲಿ ಫ್ರಾಂಕಿಯಾ ಎಂದು ಕರೆದ. ಹೆಸರು ಉಳಿಯಿತು, ಶಿಲೀಂಧ್ರವೆಂಬ ಊಹೆ ಮಾತ್ರ ಮುಂದೆ ಬಿದ್ದುಹೋಯಿತು. ಅದು ಬ್ಯಾಕ್ಟೀರಿಯಾವೇ, ಆದರೆ ಶಿಲೀಂಧ್ರದಂತೆ ಎಳೆ ಬಿಡುವ ಆಕ್ಟಿನೊಬ್ಯಾಕ್ಟೀರಿಯಾ ಪಂಗಡದ್ದು.

ಗಂಟಿಲ್ಲದ ಆಲ್ಡರ್ ಸಸಿ ಸಾರಜನಕವಿಲ್ಲದ ಮಣ್ಣಿನಲ್ಲಿ ಸೊರಗುತ್ತದೆ, ಗಂಟಿರುವುದು ಬೆಳೆಯುತ್ತದೆ ಎಂದು ಹಿಲ್ಟ್ನರ್ 1896ರಲ್ಲೇ ತೋರಿಸಿದ್ದ. ಆದರೂ ಸಂಶೋಧನೆಯ ಗಮನವೆಲ್ಲ ಬಟಾಣಿ, ಕ್ಲೋವರ್, ಸೋಯಾ ಕಡೆ ಹರಿಯಿತು. ಅದಕ್ಕೆ ಕಾರಣವೂ ಇತ್ತು. ದ್ವಿದಳದ ಗಂಟಿನಿಂದ ತೆಗೆದ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಪ್ರಯೋಗಾಲಯದ ತಟ್ಟೆಯಲ್ಲಿ ಕೆಲವೇ ದಿನಗಳಲ್ಲಿ ಬೆಳೆದು ನಿಲ್ಲುತ್ತದೆ. ಅದನ್ನು ಬೆಲ್ಲದ ಪಾಕದಲ್ಲಿ ಕಲಸಿ ಬೀಜೋಪಚಾರ ಮಾಡುವುದು ನಮ್ಮ ರೈತರಿಗೂ ಗೊತ್ತು. ಫ್ರಾಂಕಿಯಾ ಕಣ್ಣಿಗೆ ಕಾಣುವಷ್ಟಾಗಲು ವಾರಗಟ್ಟಲೆ ಬೇಕು. ಅಷ್ಟರೊಳಗೆ ಮಣ್ಣಿನ ಬೇರೆ ಸೂಕ್ಷ್ಮಜೀವಿಗಳು ತಟ್ಟೆ ತುಂಬಿಬಿಡುತ್ತವೆ. ಕೊನೆಗೆ 1978ರಲ್ಲಿ ಅಮೆರಿಕದ ಹಾರ್ವರ್ಡ್ ಫಾರೆಸ್ಟ್‌ನ ಕ್ಯಾಲಹ್ಯಾಮ್, ಡೆಲ್ ಟ್ರೆಡಿಚಿ, ಟೋರಿ ಮೂವರು ಸ್ವೀಟ್ ಫರ್ನ್ ಎಂಬ ಪೊದೆಯ ಗಂಟಿನಿಂದ ಅದನ್ನು ಬೇರ್ಪಡಿಸಿ ಬೆಳೆಸಿದ್ದನ್ನು ಪ್ರಕಟಿಸಿದರು. ಸ್ವೀಟ್ ಫರ್ನ್ ಜರೀಗಿಡವೂ ಅಲ್ಲ ಎನ್ನುವುದು ಬೇರೆ ಮಾತು. ಈ ಕಥೆಯಲ್ಲಿ ಹೆಸರುಗಳ ಹಣೆಬರಹವೇ ಹೀಗೆ.

ಸರ್ವೆಯಲ್ಲಿ ಗಂಟು ಕಟ್ಟುವ ಬಗೆ ಹೀಗಿದೆ. ಫ್ರಾಂಕಿಯಾ ಹತ್ತಿರ ಬಂದಾಗ ಬೇರುರೋಮ ಸುರುಳಿ ಸುತ್ತಿಕೊಳ್ಳುತ್ತದೆ, ಆ ಮಡಿಕೆಯಲ್ಲಿ ಎಳೆ ಒಳನುಗ್ಗುತ್ತದೆ. ಒಳಗೆ ಹೊಸ ಪಕ್ಕಬೇರೊಂದು ಚಿಗುರಿ, ಉದ್ದವಾಗುವ ಬದಲು ಗಿಡ್ಡಕ್ಕೆ ಉಬ್ಬಿ ಗಂಟಾಗುತ್ತದೆ. ಹಾಗಾಗಿ ಇದರ ನೀರು-ಆಹಾರದ ನಾಳ ಬೇರಿನಲ್ಲಿರುವಂತೆ ನಟ್ಟನಡುವೆ ಇರುತ್ತದೆ. ದ್ವಿದಳದ ಗಂಟಿನಲ್ಲಿ ನಾಳಗಳು ಅಂಚಿನಲ್ಲಿ ಸುತ್ತುತ್ತವೆ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಗುಲಿದರೆ ಕೆಡುತ್ತದೆ, ಆದರೆ ಉಸಿರಾಡಲು ಆಮ್ಲಜನಕವೂ ಬೇಕು. ಆಲ್ಡರ್‌ನಲ್ಲಿ ಫ್ರಾಂಕಿಯಾ ತಾನೇ ಕೊಬ್ಬಿನ ಪದರ ಹೊದ್ದ ಪುಟ್ಟ ಕೋಶಗಳನ್ನು ಕಟ್ಟಿಕೊಂಡು ಕಿಣ್ವವನ್ನು ಕಾಪಾಡುತ್ತದೆ. ಸರ್ವೆಯಲ್ಲಿ ಆ ಭಾರ ಮರದ ಮೇಲಿದೆ: ತನ್ನ ಜೀವಕೋಶದ ಗೋಡೆಯನ್ನು ದಪ್ಪ ಮಾಡಿಕೊಂಡು, ಹಿಮೋಗ್ಲೋಬಿನ್ ಮೂಲಕ ಆಮ್ಲಜನಕವನ್ನು ಅಳೆದು ಕೊಡುತ್ತದೆ.

ಇಂಥ ಗಿಡಮರಗಳು ಎಂಟು ಕುಟುಂಬಗಳಲ್ಲಿ ಇನ್ನೂರಕ್ಕೂ ಹೆಚ್ಚು. ನಾಗಾಲ್ಯಾಂಡಿನ ಖೊನೊಮಾದಲ್ಲಿ ಆಲ್ಡರ್ ತಲೆ ಕಡಿದು, ಬುಡ ಉಳಿಸಿಕೊಂಡು, ನಡುವೆ ಬೆಳೆ ಇಡುತ್ತಾರೆ. ಲಡಾಖಿನ ಸೀಬಕ್‌ಥಾರ್ನ್ ಎಂಬ ಮುಳ್ಳುಪೊದೆ ಕೂಡ ಇದೇ ಬಳಗದ್ದು.

ನನಗೆ ಹೆಚ್ಚು ರುಚಿಸುವ ತಪ್ಪು ಮಾತ್ರ ಪಾಪುವಾ ನ್ಯೂಗಿನಿಯದು. 1973ರಲ್ಲಿ ಟ್ರಿನಿಕ್ ಎಂಬ ವಿಜ್ಞಾನಿ ಅಲ್ಲಿನ ಟ್ರೆಮಾ ಮರದ ಬೇರಿನಲ್ಲಿ ಫ್ರಾಂಕಿಯಾ ಅಲ್ಲ, ಸಾಕ್ಷಾತ್ ರೈಜೋಬಿಯಂ ಗಂಟು ಕಟ್ಟಿದೆ ಎಂದು ಪ್ರಕಟಿಸಿದರು. ದ್ವಿದಳದ ಗುತ್ತಿಗೆ ಮುರಿದಿತ್ತು. ಆಮೇಲೆ ನೋಡಿದರೆ ಮರ ಟ್ರೆಮಾ ಆಗಿರಲಿಲ್ಲ, ಅದರ ದಾಯಾದಿ ಪ್ಯಾರಾಸ್ಪೋನಿಯಾ. ಟ್ರೆಮಾದಲ್ಲಿ ಗಂಟೇ ಇಲ್ಲ.

ಪ್ಯಾರಾಸ್ಪೋನಿಯಾಕ್ಕೆ ಈ ವಿದ್ಯೆ ಎಲ್ಲಿಂದ ಬಂತು ಎಂದು ಎಲ್ಲರೂ ಹುಡುಕಿದರು. 2018ರಲ್ಲಿ ಎರಡರ ಜೀನೋಮ್ ಪಕ್ಕಪಕ್ಕ ಇಟ್ಟಾಗ ಪ್ರಶ್ನೆಯೇ ತಿರುಗಿತು. ಗಂಟು ಕಟ್ಟಲು ಬೇಕಾದ ಕೆಲವು ಜೀನ್‌ಗಳು ಟ್ರೆಮಾದಲ್ಲಿ ಕೆಟ್ಟುಹೋಗಿದ್ದವು, 'ನಿನ್' ಎಂಬ ಮುಖ್ಯ ಜೀನ್ ಅವುಗಳಲ್ಲೊಂದು. ಅಂದರೆ ಹೊಸದಾಗಿ ಕಲಿತದ್ದು ಪ್ಯಾರಾಸ್ಪೋನಿಯಾ ಅಲ್ಲ, ಮರೆತದ್ದು ಟ್ರೆಮಾ. ದ್ವಿದಳ, ಆಲ್ಡರ್, ಸರ್ವೆ, ಗುಲಾಬಿ, ಸೌತೆ ಇವೆಲ್ಲದರ ಸುಮಾರು ಹತ್ತು ಕೋಟಿ ವರ್ಷದ ಹಿಂದಿನ ಪೂರ್ವಜನಿಗೇ ಗಂಟು ಕಟ್ಟಲು ಬರುತ್ತಿತ್ತು, ಬಹಳಷ್ಟು ವಂಶಗಳು ಅದನ್ನು ಬಿಟ್ಟುಕೊಟ್ಟವು ಎನ್ನುವುದು ಒಂದು ವಾದ. ಬೇರೆ ಬೇರೆ ಕವಲುಗಳು ಪ್ರತ್ಯೇಕವಾಗಿ ಗಳಿಸಿಕೊಂಡವು ಎನ್ನುವವರೂ ಇದ್ದಾರೆ, ಆ ಜಗಳ ಮುಗಿದಿಲ್ಲ.

ಟ್ರೆಮಾ ನೋಡಲು ಪಾಪುವಾಕ್ಕೆ ಹೋಗಬೇಕಿಲ್ಲ. ಅದರ ಒಂದು ಜಾತಿ ನಮ್ಮ ಘಟ್ಟಗಳಲ್ಲೂ ಇದೆ, ಕಾಡು ಕಡಿದು ಬಯಲಾದ ಜಾಗದಲ್ಲಿ ಎಲ್ಲಕ್ಕಿಂತ ಮುಂಚೆ ಚಿಗುರುವ ಮರಗಳಲ್ಲಿ ಒಂದು. ಬೇರು ಕಿತ್ತು ನೋಡಿ, ನುಣ್ಣಗಿರುತ್ತದೆ.