ಭಾಷಣ ಮುಗಿದ ಮೇಲೆ ಉಳಿಯುವ ಕಥೆ

ಎರಡು ಸಂಸ್ಥೆಗಳು ವಿಲೀನವಾದಾಗ ಹೊಸ ಮುಖ್ಯಸ್ಥರ ಮೊದಲ ಭಾಷಣವನ್ನು ಬರೆದುಕೊಟ್ಟಿದ್ದು ನಾನು. ‘ನಾವೆಲ್ಲ ಒಂದೇ ಮನೆಯವರು’ ಎಂಬ ಮಾತಿಗೆ ಸಭೆಯಲ್ಲಿ ಜೋರು ಚಪ್ಪಾಳೆ ಬಿತ್ತು. ತಿಂಗಳು ತುಂಬುವುದರೊಳಗೆ ಸಿಬ್ಬಂದಿಯ ಬಾಯಲ್ಲಿ ಇದ್ದದ್ದು ಬೇರೆಯೇ ಕಥೆ. ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷ ದುಡಿದ ಹಿರಿಯರೊಬ್ಬರಿಗೆ ತಮ್ಮ ವರ್ಗಾವಣೆಯ ಸುದ್ದಿ ತಿಳಿದದ್ದು ಸೂಚನಾ ಫಲಕದಿಂದ! ಈ ಘಟನೆ ಎಲ್ಲ ಮಹಡಿಗಳನ್ನೂ ಸುತ್ತಿತು. ಭಾಷಣದ ಒಂದು ಸಾಲೂ ಯಾರಿಗೂ ನೆನಪಿರಲಿಲ್ಲ.

ಅಂದಿನಿಂದ ಸಲಹೆಗಾರನಾಗಿ ಎಲ್ಲಿಗೆ ಹೋದರೂ ಮೊದಲ ವಾರವನ್ನು ಕೇಳುವುದಕ್ಕೇ ಮೀಸಲಿಡುತ್ತೇನೆ. ಹೊಸಬರಿಗೆ ಹಳಬರು ಏನು ಹೇಳಿಕೊಡುತ್ತಾರೆ? ಹಿಂದೊಮ್ಮೆ ತಪ್ಪು ಒಪ್ಪಿಕೊಂಡವರ ಗತಿ ಏನಾಯಿತಂತೆ? ಆ ಸಂಸ್ಥೆಯಲ್ಲಿ ನಿಜಕ್ಕೂ ಜಾರಿಯಲ್ಲಿರುವ ನಿಯಮಗಳು ಅಲ್ಲಿ ಸಿಗುತ್ತವೆ.

ಇದನ್ನು ಹರಟೆಯೆಂದು ತಳ್ಳಿಹಾಕುವ ಅಧಿಕಾರಿಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ. 1980ರ ದಶಕದಲ್ಲಿ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರು ಜೆರಾಕ್ಸ್ ಕಂಪನಿಯ ದುರಸ್ತಿ ತಂತ್ರಜ್ಞರ ಜೊತೆ ಓಡಾಡಿ ಅವರ ಕೆಲಸವನ್ನು ಗಮನಿಸಿದರು. ಕೈಪಿಡಿಯಲ್ಲಿ ಇಲ್ಲದ ದೋಷ ಎದುರಾದಾಗ ತಂತ್ರಜ್ಞರು ಹಿಂದಿನ ಪ್ರಸಂಗಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಲೇ ಕಾರಣವನ್ನು ಪತ್ತೆ ಮಾಡುತ್ತಿದ್ದರು. ಊಟದ ಹೊತ್ತಿನ ಮಾತುಕತೆಯೇ ಅವರ ಪಾಠಶಾಲೆಯಾಗಿತ್ತು. ತಂತ್ರಜ್ಞರು ಕಂಡುಕೊಂಡ ಪರಿಹಾರಗಳನ್ನು ಎಲ್ಲರಿಗೂ ಹಂಚಲು ಕಂಪನಿ ಮುಂದೆ ‘ಯುರೇಕಾ’ ಎಂಬ ವ್ಯವಸ್ಥೆಯನ್ನೇ ಕಟ್ಟಿತು.

ಹಾಗಾದರೆ ಮುಖ್ಯಸ್ಥರ ಮಾತಿಗೆ ಬೆಲೆಯಿಲ್ಲವೇ? ಖಂಡಿತ ಇದೆ. ಮನವೊಲಿಸುವ ಮಾತಿಗೆ ಅರಿಸ್ಟಾಟಲ್ ಮೂರು ಆಧಾರಗಳನ್ನು ಗುರುತಿಸಿದ: ತರ್ಕ, ಕೇಳುಗರ ಭಾವನೆ, ಮಾತನಾಡುವವರ ನಡತೆಯ ಮೇಲಿನ ನಂಬಿಕೆ. ಮೊದಲ ಎರಡನ್ನು ನನ್ನಂಥವರು ಬರೆದುಕೊಡಬಹುದು. ಮೂರನೆಯದು ನಮ್ಮ ಕೈಯಲ್ಲಿಲ್ಲ. 1987ರಲ್ಲಿ ಅಲ್ಯೂಮಿನಿಯಂ ಕಂಪನಿ ಅಲ್ಕೋವಾದ ಮುಖ್ಯಸ್ಥರಾದ ಪಾಲ್ ಓನೀಲ್, ಲಾಭದ ಲೆಕ್ಕ ಕೇಳಲು ಬಂದಿದ್ದ ಹೂಡಿಕೆದಾರರ ಮುಂದೆ ಕಾರ್ಮಿಕರ ಸುರಕ್ಷತೆಯ ಬಗ್ಗೆ ಮಾತನಾಡಿದರು. ಬಳಿಕ ಕಾರ್ಮಿಕರೊಬ್ಬರು ಅಪಘಾತದಲ್ಲಿ ಸತ್ತಾಗ, ಹೊಣೆ ತಮ್ಮದೂ ಸೇರಿದಂತೆ ಇಡೀ ಆಡಳಿತದ್ದು ಎಂದು ಅಧಿಕಾರಿಗಳ ಸಭೆಯಲ್ಲೇ ಹೇಳಿದರು. ಸುರಕ್ಷತೆಯ ಮಾತು ಬಾಯಿಮಾತಲ್ಲ ಎಂಬುದು ಆಗ ಸ್ಪಷ್ಟವಾಯಿತು.

ಈಗ ಭಾಷಣ ಬರೆಯಲು ಕೇಳಿದವರಿಗೆ, ‘ಇದನ್ನು ಕೇಳಿದವರು ನಾಳೆ ಬೆಳಿಗ್ಗೆ ಏನನ್ನು ಕಣ್ಣಾರೆ ನೋಡುತ್ತಾರೆ?’ ಎಂದು ಮೊದಲು ಕೇಳುತ್ತೇನೆ. ಉತ್ತರ ಸಿಗದಿದ್ದರೆ ಸಭೆಯನ್ನು ಮುಂದೂಡಲು ಹೇಳುತ್ತೇನೆ. ವಿಲೀನವಾದ ಆ ಸಂಸ್ಥೆಯ ಮುಖ್ಯಸ್ಥರು ಕೊನೆಗೆ ಲೆಕ್ಕಪತ್ರ ವಿಭಾಗಕ್ಕೆ ತಾವೇ ಹೋಗಿ ಆ ಹಿರಿಯರ ಕ್ಷಮೆ ಕೇಳಿದರು. ವರ್ಗಾವಣೆ ರದ್ದಾಗಲಿಲ್ಲ. ಆದರೆ ಮುಂದಿನ ವರ್ಗಾವಣೆಗಳನ್ನೆಲ್ಲ ಎದುರು ಕೂರಿಸಿಕೊಂಡೇ ತಿಳಿಸಿದರು.